ಓದುಗರ ಪ್ರಶ್ನೆ, ಅಕ್ಕನ ಉತ್ತರ: ಉಪ್ಪು ಕೇಳಿದರೆ ಸಿಗರೇಟಿನ ಬೋರ್ಡು ತೋರಿಸಿದರು!

ಚೀನೀ ಭಾಷೆ ಕಲಿಯಲು ಹೊರದೇಶಕ್ಕೆ ಹೋದವರು, ಹೊರಟು ನಿಂತವರು ಪ್ರಶ್ನೆ ಕಳಿಸಿ ಅಂತ ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಊಟದ್ದು, ಇನ್ನರ್ಧ ಅಳು. ನಾನೂ ಎರಡು ವರ್ಷ ಇದೇ ಕೆಲಸಕ್ಕೆ ಬೀಜಿಂಗ್‌ನಲ್ಲಿ ಇದ್ದವಳು, ಎರಡರ ರುಚಿಯೂ ಗೊತ್ತು. ಹೆಸರು ಹಾಕಬೇಡಿ ಅಂತ ಎಲ್ಲರೂ ಕೇಳಿಕೊಂಡಿದ್ದೀರಿ, ಹಾಕಿಲ್ಲ.

ಪ್ರಶ್ನೆ: ಅಕ್ಕಾ, ಬೀಜಿಂಗ್‌ಗೆ ಬಂದು ಏಳು ವಾರ ಆಯ್ತು. ಕ್ಲಾಸಿನಲ್ಲಿ ಪರವಾಗಿಲ್ಲ, ಟೀಚರ್‌ಗೆ ಅರ್ಥ ಆಗುತ್ತೆ. ಕ್ಯಾಂಟೀನಿಗೆ ಹೋದರೆ ಮಾತ್ರ ನನ್ನ ಮಾತು ಒಬ್ಬರಿಗೂ ತಿಳಿಯಲ್ಲ. ಮೊನ್ನೆ ಉಪ್ಪು ಇದೆಯಾ ಅಂತ ಕೇಳಿದೆ. ಬಡಿಸುವ ಆಂಟಿ ಗೋಡೆ ಮೇಲಿದ್ದ ಸಿಗರೇಟು ಸೇದಬಾರದು ಅನ್ನುವ ಬೋರ್ಡು ತೋರಿಸಿದರು. ನನ್ನ ಕಿವಿ ಕೆಟ್ಟಿದೆಯಾ, ಬಾಯಿ ಕೆಟ್ಟಿದೆಯಾ?
– ಮೊದಲ ಸೆಮಿಸ್ಟರ್‌ನವನು

ಉತ್ತರ: ಎರಡೂ ಚೆನ್ನಾಗಿವೆ, ಟೋನ್, ಅಂದರೆ ಪದದ ದನಿಯ ಏರಿಳಿತ, ಕೈಕೊಟ್ಟಿದೆ ಅಷ್ಟೇ. ಉಪ್ಪಿಗೂ ‘ಯೆನ್’, ಸಿಗರೇಟಿಗೂ ‘ಯೆನ್’. ಉಪ್ಪಿನದು ಎರಡನೇ ಟೋನ್, ದನಿ ಕೆಳಗಿಂದ ಮೇಲಕ್ಕೆ ಏರಬೇಕು. ಸಿಗರೇಟಿನದು ಒಂದನೇ ಟೋನ್, ಎತ್ತರದಲ್ಲಿ ಹಾಗೇ ನೇರ. ನೀವು ಹೆದರಿಕೊಂಡು, ಮೆಲ್ಲಗೆ, ಏರಿಳಿತ ಇಲ್ಲದೆ ‘ಯೋ ಯೆನ್ ಮಾ?’ ಅಂದಿರುತ್ತೀರಿ. ಆಂಟಿಗೆ ಸಿಗರೇಟು ಇದೆಯಾ ಅಂತಲೇ ಕೇಳಿಸಿದೆ. ಅವರ ತಪ್ಪೇನಿಲ್ಲ.

ನಾಲ್ಕು ಟೋನ್‌ಗಳಿಗೆ ಪುಸ್ತಕದಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಅದು ಬೋರ್ಡಿನ ಮೇಲೆ ಚೆಂದ, ನಾಲಗೆಗೆ ಬರಲ್ಲ. ನಮ್ಮ ಬಾಯಲ್ಲೇ ದಿನಾ ಇರುವ ದನಿಗಳಿಂದ ಹಿಡಿಯಿರಿ. ಒಂದನೆಯದು ಶ್ರುತಿ ಹಿಡಿದು ನಿಂತ ಹಾಗೆ. ಎರಡನೆಯದು ಯಾರೋ ದೂರದಿಂದ ಕರೆದಾಗ ‘ಹಾಂ?’ ಅಂತೀವಲ್ಲ, ಆ ಏರು. ಮೂರನೆಯದು ಮನಸ್ಸಿಲ್ಲದೆ ಒಪ್ಪಿಕೊಳ್ಳುವಾಗಿನ ‘ಹೂಂ…’, ಗಂಟಲ ಕೆಳಗೇ ಉಳಿಯೋದು. ನಾಲ್ಕನೆಯದು ಮಕ್ಕಳನ್ನು ಗದರಿಸುವ ‘ಏಯ್!’. ಮೂರನೆಯದು ಎರಡು ಸಲ ಒಟ್ಟಿಗೆ ಬಂದರೆ ಮೊದಲನೆಯದು ಎರಡನೇ ಟೋನ್ ಆಗಿಬಿಡುತ್ತೆ, ‘ನೀ ಹಾವ್’ ಅನ್ನುವ ನಮಸ್ಕಾರದಲ್ಲಿ ಆಗೋದು ಅದೇ.

ಇನ್ನೊಂದು ವಿಷಯ, ಇದು ನನಗೆ ಅರ್ಥ ಆಗಲು ಒಂದು ವರ್ಷ ಹಿಡಿಯಿತು. ನಾವು ಪ್ರಶ್ನೆ ಕೇಳುವಾಗ, ಅನುಮಾನ ಬಂದಾಗ, ಸಂಕೋಚ ಆದಾಗ ಇಡೀ ವಾಕ್ಯದ ದನಿಯನ್ನೇ ಬದಲಾಯಿಸುತ್ತೀವಿ. ಚೀನೀ ಮಾತಿನಲ್ಲಿ ಹಾಗೆ ಮಾಡಿದರೆ ಪದವೇ ಬೇರೆ ಆಗುತ್ತೆ. ಕ್ಲಾಸಿನಲ್ಲಿ ಧೈರ್ಯವಾಗಿ ಹೇಳಿದ್ದು ಕ್ಯಾಂಟೀನಿನಲ್ಲಿ ಕೆಡೋದು ಅದಕ್ಕೇ. ಹಿಂದೆ ಇಪ್ಪತ್ತು ಜನ ಟ್ರೇ ಹಿಡಿದು ನಿಂತಿರುತ್ತಾರೆ, ನಮ್ಮ ಭಯ ದನಿಗೆ ಬರುತ್ತೆ, ಉಪ್ಪು ಸಿಗರೇಟಾಗುತ್ತೆ. ಬಿಡಿ ಬಿಡಿ ಪದ ಉರು ಹೊಡೆಯಬೇಡಿ. ಎರಡೆರಡು ಪದಗಳ ಜೋಡಿ ಮಾಡಿಕೊಂಡು ಜೋರಾಗಿ ಹೇಳಿ. ನಾಲ್ಕು ಟೋನ್‌ಗಳ ಜೊತೆಗೆ, ಜೋಡಿಯ ಎರಡನೇ ಜಾಗದಲ್ಲಿ ಮಾತ್ರ, ಟೋನ್ ಇಲ್ಲದ್ದನ್ನೂ ಸೇರಿಸಿಕೊಂಡರೆ ಜೋಡಿಗಳು 20 ಆಗುತ್ತವೆ, ಜಾಸ್ತಿ ಇಲ್ಲ.

ಪ್ರಶ್ನೆ: ಮೇಡಂ, ನನ್ನ ಪ್ರಶ್ನೆ ಪಿನ್ಯಿನ್ ಬಗ್ಗೆ. ಚೀನೀ ಪದಗಳ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದಾರೆ, ಆದರೂ ನಾನು ಓದಿದ ಹಾಗೆ ಇಲ್ಲಿ ಯಾರೂ ಉಚ್ಚರಿಸಲ್ಲ. ಪಠ್ಯಪುಸ್ತಕದ ವ್ಯಾಕರಣ ಕೂಡ ಇಂಗ್ಲಿಷ್‌ನಲ್ಲೇ ಇದೆ. ತಲೆಯಲ್ಲಿ ಮೂರು ಭಾಷೆ ಜಗಳ ಆಡ್ತಿವೆ.
– ಹಾರ್ಬಿನ್‌ನಿಂದ

ಉತ್ತರ: ಮೂರರಲ್ಲಿ ಒಂದನ್ನು ಹೊರಗೆ ಕಳಿಸಿ. ಇಂಗ್ಲಿಷನ್ನು. ನಿಜವಾಗಿ ಹೇಳ್ತಿದ್ದೀನಿ.

ಪಿನ್ಯಿನ್ 1958ರಲ್ಲಿ ಜಾರಿಗೆ ಬಂದದ್ದು ಮುಖ್ಯವಾಗಿ ಚೀನಾದವರಿಗೇ ಓದು ಬರಹ ಕಲಿಸಲು, ಒಂದೇ ಉಚ್ಚಾರ ಹರಡಲು. ಇಂಗ್ಲಿಷ್ ಓದುವವರ ಅನುಕೂಲ ನೋಡಿ ಮಾಡಿದ್ದಲ್ಲ. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಝೌ ಯೊಗುವಾಂಗ್ ಮೊದಲು ಅರ್ಥಶಾಸ್ತ್ರದಲ್ಲಿದ್ದವರು, 111 ವರ್ಷ ಬದುಕಿ 2017ರಲ್ಲಿ ತೀರಿಕೊಂಡರು. ಅವರು ಇಂಗ್ಲಿಷ್ ಅಕ್ಷರಗಳನ್ನು ಬರೀ ಗುರುತುಗಳಾಗಿ ಬಳಸಿದರು. ನಾವು ಆ ಗುರುತು ಕಂಡ ಕೂಡಲೇ ಇಂಗ್ಲಿಷ್ ಓದಲು ಶುರು ಮಾಡ್ತೀವಿ, ಅಲ್ಲೇ ಎಡವುತ್ತೀವಿ.

ಪಿನ್ಯಿನ್‌ನ ‘ಬಿ’ ನಮ್ಮ ಬ ಅಲ್ಲ, ಪ. ಅದರ ‘ಪಿ’ ನಮ್ಮ ಮಹಾಪ್ರಾಣ ಫ, ಅಂದರೆ ತುಟಿ ಮುಚ್ಚಿ ಬಿಟ್ಟು ಗಾಳಿ ಹೊಡೆಯುವ ಫ, ಫ್ಯಾನಿನ ಫ ಅಲ್ಲ. ಹಾಗೇ ‘ಡಿ’ ಅಂದರೆ ತ, ‘ಟಿ’ ಅಂದರೆ ಥ. ‘ಜಿ’ (g) ಅಂದರೆ ಕ, ‘ಕೆ’ ಅಂದರೆ ಖ. ಇಡೀ ಆಟ ಅಲ್ಪಪ್ರಾಣ ಮಹಾಪ್ರಾಣದ್ದು! ನಾವು ಬೀಜಿಂಗ್ ಅಂತ ಬರೆಯುವ ಊರು ಅಲ್ಲಿನವರ ಬಾಯಲ್ಲಿ ‘ಪೆಯ್‌ಚಿಂಗ್’ಗೆ ಹತ್ತಿರ. ಬೇರೆ ದೇಶದ ಸಹಪಾಠಿಗಳು ಇದಕ್ಕೆ ಬಾಯಿ ಮುಂದೆ ಕಾಗದದ ಚೂರು ಹಿಡಿದುಕೊಂಡು ಊದಿ ಊದಿ ಅಭ್ಯಾಸ ಮಾಡ್ತಾರೆ. ನಮಗೆ ಒಂದನೇ ಕ್ಲಾಸಿನಲ್ಲೇ ಕಾಗುಣಿತದ ಜೊತೆ ಕಲಿಸಿ ಮುಗಿಸಿದ್ದಾರೆ. ನಾವು ಮಾತಿನಲ್ಲಿ ಅದನ್ನು ತೇಲಿಸಿಬಿಡ್ತೀವಿ, ಅದು ಬೇರೆ ಮಾತು.

ತೇಲಿಸಿದರೆ ಏನಾಗುತ್ತೆ ಕೇಳಿ. ಚಳಿಗಾಲದಲ್ಲಿ ಒಮ್ಮೆ ಹೊಟ್ಟೆ ಕೆಟ್ಟು ಡಾಕ್ಟರ ಹತ್ತಿರ ಹೋದೆ. ಹೊಟ್ಟೆಗೆ ‘ತೂತ್ಸ’. ಮೊಲಕ್ಕೆ ‘ಥೂತ್ಸ’. ಟೋನ್ ಎರಡಕ್ಕೂ ಒಂದೇ, ಇರುವುದು ಉಸಿರಿನ ವ್ಯತ್ಯಾಸ ಮಾತ್ರ. ನೋವಿನಲ್ಲಿ ಉಸಿರು ಜೋರಾಗಿ ಬಿಟ್ಟು ನನ್ನ ಮೊಲ ನೋಯ್ತಿದೆ ಅಂದೆ. ಆ ಡಾಕ್ಟರು ಪೆನ್ನು ಕೆಳಗಿಟ್ಟು, ಹಾಸ್ಟೆಲಿನಲ್ಲಿ ಮೊಲ ಸಾಕಲು ಬಿಡ್ತಾರಾ ಅಂತ ಕೇಳಿದರು. ಆಮೇಲೆ ಪಕ್ಕದ ನರ್ಸನ್ನೂ ಕರೆದು ಹೇಳಿ ನಕ್ಕರು. ಮಾತ್ರೆ ಸರಿಯಾದದ್ದೇ ಕೊಟ್ಟರು ಅನ್ನಿ.

ಶ, ಷ, ಸ ಮೂರೂ ಅಲ್ಲಿವೆ. ನಾವು ಬರೆಯುವಾಗ ಬೇರೆ, ಆಡುವಾಗ ಒಂದೇ ಮಾಡಿಕೊಂಡ ಶ ಮತ್ತು ಷ ಅಲ್ಲಿ ಬೇರೆ ಬೇರೆಯಾಗಿಯೇ ಬದುಕಿವೆ. ಟೊಮೆಟೊಗೆ ‘ಶಿಹೊಂಗ್‌ಷಿ’. ಮೊದಲನೆಯದು ಶಂಕರನ ಶ, ಕೊನೆಯದು ಷಣ್ಮುಖನ ಷ. ಳ, ಣ ಹೇಳುವಾಗ ನಾಲಗೆ ಹಿಂದಕ್ಕೆ ಮಡಚುತ್ತಲ್ಲ, ಹೆಚ್ಚುಕಡಿಮೆ ಅದೇ ಜಾಗ. ನಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವ ಸ್ವರ ಒಂದಿದೆ, ‘ಯು’ ಮೇಲೆ ಎರಡು ಚುಕ್ಕಿ ಇರುವುದು. ‘ಈ’ ಅನ್ನುತ್ತಾ ಇರಿ, ನಾಲಗೆ ಕದಲಿಸದೆ ತುಟಿ ಮಾತ್ರ ‘ಊ’ ಮಾಡಿ. ಕನ್ನಡಿ ಮುಂದೆ ಮಾಡಿ, ರೂಮ್‌ಮೇಟ್ ಇಲ್ಲದಾಗ.

ವ್ಯಾಕರಣಕ್ಕೂ ಇದೇ ಔಷಧಿ. ‘ನಾನು ಕೊಂಡ ಪುಸ್ತಕ’ ಅನ್ನಲು ‘ವೋ ಮಾಯ್ ತ ಷೂ’. ನಾನು, ಕೊಂಡ, ಪುಸ್ತಕ, ಅದೇ ಸಾಲು. ಇಂಗ್ಲಿಷ್‌ನಲ್ಲಿ ಪುಸ್ತಕ ಮುಂದೆ ಬಂದು ಉಳಿದದ್ದು ಬಾಲದ ಹಾಗೆ ಹಿಂದೆ ಬರುತ್ತೆ, ಅದನ್ನು ತಿರುಗಿಸಿ ಚೀನೀಗೆ ತರೋದು ಸುಮ್ನೆ ಒದ್ದಾಟ. ‘ಬರ್ತೀಯಾ’ದ ಕೊನೆಯ ‘ಆ’ ಇದೆಯಲ್ಲ, ‘ನೀ ಲಾಯ್ ಮಾ’ದ ‘ಮಾ’ ಅದೇ ಕೆಲಸ ಮಾಡುತ್ತೆ. ‘ನಾಳೆ’, ‘ಕ್ಯಾಂಟೀನಿನಲ್ಲಿ’ ಇಂಥವು ಕ್ರಿಯಾಪದಕ್ಕಿಂತ ಮುಂಚೆ ಬರ್ತವೆ, ನಮ್ಮ ಹಾಗೇ. ಸಂಬಂಧಗಳಲ್ಲೂ ಅಣ್ಣ ಬೇರೆ ತಮ್ಮ ಬೇರೆ, ಅಕ್ಕ ಬೇರೆ ತಂಗಿ ಬೇರೆ, ಸೋದರಮಾವನಿಗೂ ಸೋದರತ್ತೆಗೂ ಅವರದೇ ಪದ. ಇಂಗ್ಲಿಷ್ ಅರ್ಥ ಬರೆದುಕೊಂಡವರು ಈ ಪಾಠದಲ್ಲಿ ಒಂದು ವಾರ ಕಳೆದರು, ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಒಂದು ಸಂಜೆಯಲ್ಲಿ ಮುಗಿಸಿದೆ. ಎಲ್ಲಾ ಕಡೆ ಹೊಂದಲ್ಲ, ಕ್ರಿಯಾಪದ ಕರ್ಮಕ್ಕಿಂತ ಮುಂಚೆ ಬರೋದು ನಮಗೆ ತಿರುವುಮುರುವೇ. ಹೊಂದುವ ಕಡೆಯಾದರೂ ಸುತ್ತು ದಾರಿ ಬೇಡ.

ಪ್ರಶ್ನೆ: ಮಗಳು ಚೀನಾಕ್ಕೆ ಹೋಗಿ ಹತ್ತು ದಿನ ಆಯ್ತು. ವಾಟ್ಸಾಪ್‌ನಲ್ಲಿ ಮೆಸೇಜ್ ಹಾಕಿದರೆ ಒಂದೇ ಟಿಕ್ ಬರುತ್ತೆ, ಎರಡನೆಯದು ಬರೋದೇ ಇಲ್ಲ. ಅವಳ ಹತ್ತಿರ ವೀಚಾಟ್ ಇದೆಯಂತೆ, ನನ್ನ ಫೋನಿಗೆ ಅದು ಸಿಗ್ತಿಲ್ಲ. ರಾತ್ರಿ ನಿದ್ದೆ ಬರಲ್ಲ.
– ಒಬ್ಬ ತಾಯಿ

ಉತ್ತರ: ಅಮ್ಮಾ, ಆ ಒಂಟಿ ಟಿಕ್ ನೋಡುತ್ತಾ ಕೂರಬೇಡಿ, ಮಗಳು ಚೆನ್ನಾಗಿಯೇ ಇರುತ್ತಾಳೆ. ಚೀನಾದಲ್ಲಿ ವಾಟ್ಸಾಪ್, ಗೂಗಲ್, ಜಿಮೇಲ್ ತಡೆದಿದ್ದಾರೆ. ನಮ್ಮ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಇತ್ತು. ಅವರ ಬಾಗಿಲು ಅವರು ಹಾಕಿದ್ದಾರೆ, ನಮ್ಮ ಬಾಗಿಲು ನಾವು. ತಾಯಿ ಮಗಳು ನಡುವೆ ಸಿಕ್ಕಿಕೊಂಡಿದ್ದೀರಿ.

ದಾರಿ ಇದೆ. ಅವಳ ಊರಿನ ಸಿಮ್‌ಗೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿ. ರೋಮಿಂಗ್ ಡೇಟಾ ನಮ್ಮ ಕಂಪನಿಯ ಜಾಲದ ಮೂಲಕವೇ ಹಾದು ಬರುವುದರಿಂದ ಅಲ್ಲಿ ಕೂತೇ ವಾಟ್ಸಾಪ್ ತೆರೆಯಬಹುದು. ದುಬಾರಿ, ಆದ್ದರಿಂದ ದಿನಾ ಬೇಡ, ವಾರಕ್ಕೊಮ್ಮೆ ಮುಖ ನೋಡಿದರೆ ಸಾಕು. ಬ್ಯಾಂಕಿನ ಒಟಿಪಿ ಬರಲೂ ಆ ಸಿಮ್ ಜೀವಂತ ಇರಲೇಬೇಕು. ಸಾಮಾನ್ಯ ಫೋನ್ ಕರೆಗೆ ಯಾವ ತಡೆಯೂ ಇಲ್ಲ. ಸಮಯ ಮಾತ್ರ ನೋಡಿಕೊಳ್ಳಿ, ಅಲ್ಲಿ ನಮಗಿಂತ ಎರಡೂವರೆ ಗಂಟೆ ಮುಂದೆ. ನೀವು ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಿದರೆ ಅವಳಿಗೆ ನಡುರಾತ್ರಿ, ಬೆಳಿಗ್ಗೆ ಎಂಟಕ್ಕೆ ಕ್ಲಾಸು ಬೇರೆ. ಸಂಜೆ ಆರು ಗಂಟೆ ಇಟ್ಟುಕೊಳ್ಳಿ.

ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂತಲೇ ಕೇಳ್ತೀರಲ್ಲ? ಅಲ್ಲಿನ ಹಿರಿಯರೂ ದಾರಿಯಲ್ಲಿ ಸಿಕ್ಕರೆ ‘ಛಿ ಲ ಮಾ’ ಅಂತಾರೆ, ಅರ್ಥವೂ ಅದೇ. ಮಗಳಿಗೆ ಹೇಳಿ, ಯಾರಾದರೂ ಹಾಗೆ ಕೇಳಿದರೆ ಊಟಕ್ಕೆ ಕರೆಯುತ್ತಿದ್ದಾರೆ ಅಂದುಕೊಂಡು ಅವರ ಹಿಂದೆ ಹೋಗೋದು ಬೇಡ. ನಾನು ಒಮ್ಮೆ ಹೋಗಿದ್ದೆ.

ಪ್ರಶ್ನೆ: ನಾನು ಸಸ್ಯಾಹಾರಿ. ಮಾಂಸ ಬೇಡ ಅಂತ ಸ್ಪಷ್ಟವಾಗಿ ಹೇಳಿದರೂ ಬೀನ್ಸ್ ಪಲ್ಯದ ಒಳಗೆ ಏನೋ ಸಣ್ಣ ಸಣ್ಣ ಚೂರು ಬರುತ್ತೆ.
– ಹಸಿದವಳು

ಉತ್ತರ: ಅದು ಹಂದಿ ಖೀಮಾ. ‘ರೋ’, ಅಂದರೆ ಮಾಂಸ, ಬೇಡ ಅಂದರೆ ತುಂಡು ಬೇಡ ಅಂತ ತಿಳಿದುಕೊಳ್ಳುವವರು ಇದ್ದಾರೆ, ಬರೀ ರುಚಿಗೆ ಉದುರಿಸಿದ್ದನ್ನು ಲೆಕ್ಕಕ್ಕೆ ಹಿಡಿಯಲ್ಲ. ಹಾಗಾಗಿ ಬೇಡದ್ದನ್ನು ಹೇಳಬೇಡಿ, ನೀವು ಏನು ಅಂತ ಹೇಳಿ: ‘ವೋ ಛಿ ಸೂ’, ನಾನು ಸಸ್ಯಾಹಾರ ತಿನ್ನುವವಳು. ‘ಸೂ’ ನಾಲ್ಕನೇ ಟೋನ್, ಗದರಿಸಿ ಹೇಳಿ. ಮಾಪೋ ತೋಫು (ತೋಫು ಅಂದರೆ ಸೋಯಾ ಪನೀರ್) ಹೆಸರು ಕೇಳಿ ಮೋಸ ಹೋಗಬೇಡಿ, ಸಾಮಾನ್ಯವಾಗಿ ಅದರಲ್ಲೂ ಖೀಮಾ ಇರುತ್ತೆ. ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಹುರಿದು ಮಾಡುವ ‘ತೀಸಾನ್‌ಶೆನ್’ ಅಂತ ಒಂದಿದೆ, ಈಶಾನ್ಯ ಚೀನಾದ್ದು, ಅನ್ನದ ಜೊತೆ ಸೊಗಸು. ಮೊಟ್ಟೆ ತಿನ್ನುವವರಾದರೆ ಟೊಮೆಟೊ ಮೊಟ್ಟೆ ಪಲ್ಯ ಇಲ್ಲದ ಕ್ಯಾಂಟೀನೇ ಇಲ್ಲ. ಎಣ್ಣೆ ಯಾವುದು ಅನ್ನುವ ಚಿಂತೆ ಇದ್ದರೆ ಬೌದ್ಧ ದೇವಸ್ಥಾನಗಳ ಹತ್ತಿರ ಸಸ್ಯಾಹಾರದ ಹೋಟೆಲು ಹುಡುಕಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ, ಅದು ಬೇಕು ಅನ್ನುವವರಿಗೆ ಅಲ್ಲೂ ಕಷ್ಟ! ಕ್ಯಾಂಪಸ್ಸಿನಲ್ಲಿ ಮುಸ್ಲಿಂ ಕ್ಯಾಂಟೀನ್ ಇದ್ದರೆ ಅಲ್ಲಿ ಹಂದಿ ಇರಲ್ಲ, ಆದರೆ ಕುರಿ, ದನದ ಮಾಂಸ ಇರುತ್ತೆ.

ಪ್ರಶ್ನೆ: ಈಗ ಎಲ್ಲ ಫೋನಿನಲ್ಲೇ ಟೈಪ್ ಮಾಡ್ತಾರೆ. ಆದರೂ ದಿನಾ ಬೆಳಿಗ್ಗೆ ಡಿಕ್ಟೇಷನ್ ಕೊಟ್ಟು ಕೈಯಲ್ಲೇ ಬರೆಸ್ತಾರೆ. ಈ ಹಿಂಸೆ ಯಾಕೆ?
– ಕೈ ನೋವಿನವನು

ಉತ್ತರ: ಪೂರ್ತಿ ತಪ್ಪಿಸಿಕೊಳ್ಳಲು ಆಗಲ್ಲ, ಪೂರ್ತಿ ಬೇಕಾಗಿಯೂ ಇಲ್ಲ. ಚೀನೀ ಕಲಿಯುವವರಿಗಾಗಿ 2021ರಲ್ಲಿ ಬಂದ ಹೊಸ ಮಟ್ಟಗಳ ಪಟ್ಟಿಯಲ್ಲಿ, ಒಂಬತ್ತು ಹಂತ ಇರೋದು, ಗುರುತಿಸಬೇಕಾದ ಅಕ್ಷರ 3,000 ಇದ್ದರೆ ಕೈಯಲ್ಲಿ ಬರೆಯಲು ಬರಬೇಕಾದ್ದು 1,200 ಮಾತ್ರ. ಅದಕ್ಕಿಂತ ಜಾಸ್ತಿಯದಕ್ಕೆ ಕೈ ನೋಯಿಸಿಕೊಳ್ಳಬೇಡಿ.

ಮೊದಲ ಮುನ್ನೂರು ನಾನೂರು ಮಾತ್ರ ಬರೆದೇ ಕಲಿಯಿರಿ. ಯಾಕೆ ಅಂದರೆ ಆಮೇಲಿನವೆಲ್ಲ ಅವುಗಳ ತುಂಡುಗಳಿಂದಲೇ ಆಗಿರೋದು. ‘ಛಿಂಗ್’ ಅನ್ನುವ ಒಂದು ಭಾಗ ಇದೆ. ಎಡಕ್ಕೆ ನೀರಿನ ಮೂರು ಚುಕ್ಕಿ ಹಾಕಿದರೆ ತಿಳಿಯಾದದ್ದು. ಸೂರ್ಯನನ್ನು ಇಟ್ಟರೆ ಮೋಡ ಇಲ್ಲದ ದಿನ. ಮನಸ್ಸಿನ ಗುರುತು ಇಟ್ಟರೆ ಭಾವನೆ. ಮಾತಿನ ಗುರುತು ಇಟ್ಟರೆ ‘ದಯವಿಟ್ಟು’. ನಾಲ್ಕರ ಉಚ್ಚಾರವೂ ‘ಛಿಂಗ್’, ಟೋನ್ ಮಾತ್ರ ಆಚೆ ಈಚೆ. ಬಲಗಡೆ ಸದ್ದು, ಎಡಗಡೆ ಅರ್ಥ. ಇದು ಕೈಗೆ ಹತ್ತಿದ ದಿನ ನಾನು ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಾ ಇಳಿಯುವ ಸ್ಟಾಪ್ ಬಿಟ್ಟು ಮೂರು ಸ್ಟಾಪ್ ಮುಂದೆ ಹೋಗಿದ್ದೆ.

ಪ್ರಶ್ನೆ: ಪರಿಚಯದವರೊಬ್ಬರು ಶನಿವಾರ ಭಾನುವಾರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡು, ಒಳ್ಳೆ ದುಡ್ಡು ಅಂತಿದ್ದಾರೆ. ಹೋಗಲಾ? ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆಗೂ ಹೋಗಬೇಕು ಅಂತಿದ್ದೀನಿ.
– ಜೇಬು ಖಾಲಿ

ಉತ್ತರ: ಬೇಡ. ಯೂನಿವರ್ಸಿಟಿ ಒಪ್ಪಿ, ವಲಸೆ ಕಚೇರಿಯಲ್ಲಿ ನಿಮ್ಮ ವಾಸದ ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಂಡರೆ ಮಾತ್ರ ಕೆಲಸ. ಇಲ್ಲದೆ ಸಿಕ್ಕಿಬಿದ್ದರೆ 5,000ದಿಂದ 20,000 ಯುವಾನ್ ದಂಡ, ಗಂಭೀರ ಅನ್ನಿಸಿದರೆ ಐದರಿಂದ ಹದಿನೈದು ದಿನ ಒಳಗೂ ಇಡಬಹುದು. 2013ರಿಂದ ಇರುವ ಕಾನೂನು. ದುಡ್ಡು ಕೊಡ್ತೀನಿ ಅಂದವರು ಆಗ ಫೋನ್ ಎತ್ತಲ್ಲ. ಮನೆ ಬದಲಾಯಿಸಿದರೆ 24 ಗಂಟೆಯೊಳಗೆ ಆ ಏರಿಯಾದ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿ, ಬಾಡಿಗೆ ಕರಾರು ಮತ್ತು ಪಾಸ್‌ಪೋರ್ಟ್ ಕೈಯಲ್ಲಿರಲಿ. ದೀರ್ಘಾವಧಿ ವಿದ್ಯಾರ್ಥಿಗಳ ಎಕ್ಸ್-1 ವೀಸಾದಲ್ಲಿ ಈಗಷ್ಟೇ ಬಂದಿಳಿದವರು ವಾಸದ ಪರವಾನಗಿಗೆ 30 ದಿನದೊಳಗೆ ಅರ್ಜಿ ಹಾಕಬೇಕು, ಅದನ್ನು ಮರೆಯಬೇಡಿ.

ಪ್ರಶ್ನೆ: ಅಕ್ಕಾ, ಐದು ತಿಂಗಳಾಯ್ತು. ವಿದೇಶಿಯರಿಗೇ ಬೇರೆ ಹಾಸ್ಟೆಲು. ಫ್ರೆಂಡ್ಸ್ ಎಲ್ಲ ಬೇರೆ ಬೇರೆ ದೇಶದವರು, ನಮ್ಮ ನಡುವೆ ಇಂಗ್ಲಿಷೇ. ಚೀನೀ ಸ್ಟೂಡೆಂಟ್ಸ್ ಸಿಕ್ಕರೂ ನನ್ನ ಜೊತೆ ಇಂಗ್ಲಿಷ್ ಪ್ರಾಕ್ಟೀಸ್ ಮಾಡಲು ನೋಡ್ತಾರೆ. ನಾನು ಚೀನಾಕ್ಕೆ ಬಂದು ಇಂಗ್ಲಿಷ್ ಕಲಿತ ಹಾಗಾಯ್ತು.
– ಬೇಸರದವಳು

ಉತ್ತರ: ತಂಗೀ, ನಗು ಬಂತು, ಕ್ಷಮಿಸು. ನನ್ನ ಮೊದಲ ವರ್ಷವೂ ಹೀಗೇ ಹೋಯಿತು. ಆ ಫ್ರೆಂಡ್ಸ್ ಬಿಡು ಅಂತ ಹೇಳಲ್ಲ, ಜ್ವರ ಬಂದಾಗ ಬಾಗಿಲು ತಟ್ಟೋದು ಅವರೇ. ಆದರೆ ಇಂಗ್ಲಿಷ್ ಬಾರದವರ ಹತ್ತಿರ ದಿನಕ್ಕೊಂದು ಗಂಟೆ ಇರುವ ಹಾಗೆ ನೋಡಿಕೋ.

ಅಂಥವರು ಎಲ್ಲಿ ಸಿಗ್ತಾರೆ ಅಂದರೆ ಪಾರ್ಕಿನಲ್ಲಿ. ನಿವೃತ್ತಿಯಾದ ಅಜ್ಜ ಅಜ್ಜಿಯರಿಗೆ ಇಂಗ್ಲಿಷ್ ಬೇಕಾಗಿಲ್ಲ, ಪುರುಸೊತ್ತು ಬೇಕಾದಷ್ಟಿದೆ. ನಾನು ಹೋಗುತ್ತಿದ್ದ ಪಾರ್ಕಿನಲ್ಲಿ ಒಬ್ಬ ಅಜ್ಜ ಉದ್ದ ಕೋಲಿಗೆ ಸ್ಪಂಜು ಕಟ್ಟಿದ ಕುಂಚ, ಒಂದು ಬಕೆಟ್ ನೀರು ಇಟ್ಟುಕೊಂಡು ಕಲ್ಲು ಹಾಸಿನ ಮೇಲೆ ಅಕ್ಷರ ಬರೆಯುತ್ತಿದ್ದರು. ಈ ತುದಿ ಬರೆದು ಮುಗಿಸುವಷ್ಟರಲ್ಲಿ ಆ ತುದಿ ಒಣಗಿ ಹೋಗಿರುತ್ತಿತ್ತು. ನಾನು ಪಕ್ಕ ನಿಂತು ಒಣಗುವ ಮುಂಚೆ ಓದಬೇಕು, ತಪ್ಪಿದರೆ ಅವರು ಕುಂಚದ ತುದಿಯಿಂದ ನನ್ನ ಶೂ ಮೇಲೆ ಒಂದು ಹನಿ ಹಾಕೋರು. ನಾನು ಪುಸ್ತಕದ ಹಾಗೆ ‘ಎಲ್ಲಿ’ಗೆ ‘ನಾಲಿ’ ಅಂದರೆ ಅವರು ‘ನಾರ್’ ಅಂತ ತಿದ್ದೋರು. ಬೀಜಿಂಗ್‌ನವರಿಗೆ ಪದದ ಬಾಲಕ್ಕೆ ಒಂದು ‘ರ್’ ಅಂಟಿಸದಿದ್ದರೆ ಸಮಾಧಾನ ಇಲ್ಲ. ನೀರು ಹೆಪ್ಪುಗಟ್ಟುವ ಚಳಿ ಬರುವವರೆಗೂ ಅದು ನಡೆಯಿತು. ಆ ಎರಡು ತಿಂಗಳಲ್ಲಿ ಕಲಿತಷ್ಟು ಹಿಂದಿನ ಒಂದು ವರ್ಷದಲ್ಲಿ ಕಲಿತಿರಲಿಲ್ಲ.

ಇಂಗ್ಲಿಷ್ ಪ್ರಾಕ್ಟೀಸ್‌ಗೆ ಬರುವವರ ಜೊತೆ ಕರಾರು ಮಾಡಿಕೋ. ಅರ್ಧ ಗಂಟೆ ಅವರಿಗೆ, ಅರ್ಧ ಗಂಟೆ ನಿನಗೆ, ಫೋನಿನಲ್ಲಿ ಅಲಾರಂ ಇಟ್ಟು. ಅಲಾರಂ ಇಲ್ಲದಿದ್ದರೆ ಆ ಅರ್ಧ ಗಂಟೆ ನಿನ್ನ ಕಡೆ ಬರೋದೇ ಇಲ್ಲ. ಕೊರಿಯರ್‌ನವನ ಫೋನ್ ಬಂದರೆ ಚೀನೀ ಬಲ್ಲ ಫ್ರೆಂಡ್ ಕೈಗೆ ಕೊಡಬೇಡ, ನೀನೇ ಮಾತಾಡು. ಅವನಿಗೆ ನಿನ್ನ ಮುಖ ಕಾಣಲ್ಲ, ಕೈಸನ್ನೆ ಕಾಣಲ್ಲ, ನಿನ್ನ ಟೋನ್ ಮೇಲೆ ಅವನಿಗೆ ಕನಿಕರವೂ ಇಲ್ಲ. ಅಂಥ ಟೀಚರ್ ಸಿಗಲ್ಲ.

ಪ್ರಶ್ನೆ: ಚೀನೀ ಕಲಿಯಲು ಬೀಜಿಂಗೋ, ತೈವಾನ್‌ನ ತೈಪೆಯೋ?
– ಇನ್ನೂ ಹೊರಡದವನು

ಉತ್ತರ: ಬೀಜಿಂಗ್‌ನಲ್ಲಿ ಸರಳ ಮಾಡಿದ ಅಕ್ಷರ, ಎಚ್‌ಎಸ್‌ಕೆ ಅನ್ನುವ ಭಾಷಾ ಪರೀಕ್ಷೆ. ಅಲ್ಲಿನ ಭಾಷಾ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ 1962ರಿಂದ ವಿದೇಶಿಯರಿಗೆ ಕಲಿಸುತ್ತಿದೆ. ತೈಪೆಯಲ್ಲಿ ಹಳೆಯ, ಗೆರೆ ಜಾಸ್ತಿ ಇರುವ ಅಕ್ಷರ, ಟಾಕ್ಫಲ್ ಅನ್ನುವ ಭಾಷಾ ಪರೀಕ್ಷೆ. ಅಲ್ಲಿನ ನ್ಯಾಷನಲ್ ತೈವಾನ್ ನಾರ್ಮಲ್ ಯೂನಿವರ್ಸಿಟಿಯ ಮ್ಯಾಂಡರಿನ್ (ಚೀನೀ) ಕಲಿಕೆಯ ಕೇಂದ್ರ 1956ರದ್ದು. ಮುಂದೆ ಎಲ್ಲಿ ಓದುತ್ತೀರಿ, ಎಲ್ಲಿ ಕೆಲಸ ಮಾಡುತ್ತೀರಿ ಅನ್ನೋದರ ಮೇಲೆ ಹೋಗಲಿ. ತೈವಾನ್‌ನ ಮಕ್ಕಳು ಉಚ್ಚಾರ ಕಲಿಯೋದು ‘ಪ ಫ ಮ ಫ’ ಅನ್ನುವ 37 ಗುರುತುಗಳಲ್ಲಿ, ಅದರಲ್ಲಿ ಇಂಗ್ಲಿಷ್ ಅಕ್ಷರವೇ ಇಲ್ಲ. ಎರಡು ‘ಫ’ ಬಂತಲ್ಲ ಅಂತ ಕೇಳಬೇಡಿ. ಮೊದಲನೆಯದು ಮಹಾಪ್ರಾಣ, ಎರಡನೆಯದು ಫ್ಯಾನಿನದು. ಮೇಲೆ ಹೇಳಿದ್ದೀನಿ.